ಮೊದಲು ಹೆಸರು ಬಿಟ್ಟವನು

"ನೂರ ನಲವತ್ತಮೂರು," ಎಂದರು ರೆಕಾರ್ಡ್ ರೂಮಿನ ಮೇಡಂ, ಹಳೆಯ ಟೆಲಿಫೋನ್ ಡೈರೆಕ್ಟರಿಯ ಪುಟದಿಂದ ಸ್ಕೇಲು ಎತ್ತುತ್ತ. "ಮುಂದಿನ ವರ್ಷದ್ದು ಕೊಡಿ ಸರ್."

ಇನ್‌ಸ್ಪೆಕ್ಟರು ಕೊಟ್ಟರು. ಧೂಳಿಗೆ ಎರಡು ಸಲ ಸೀನಿದರು.

"ಅರವತ್ತೊಂದು. ಅದರ ಮುಂದಿನದು ಹದಿನೇಳು. ಆಮೇಲೆ ನಾಲ್ಕು." ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಕೊನೇ ಡೈರೆಕ್ಟರೀಲಿ ಒಂದೇ ಒಂದು. ನಿಮ್ಮ ಟೀಚರ್ ಮನೆ."

ಒಂದು ಮನೆತನದ ಹೆಸರು ಹೀಗೆ ಕರಗಿಹೋದದ್ದನ್ನು ಇನ್‌ಸ್ಪೆಕ್ಟರು ಮೂವತ್ತನಾಲ್ಕು ವರ್ಷದ ಸರ್ವಿಸಿನಲ್ಲಿ ನೋಡಿರಲಿಲ್ಲ. ಅವರು ನಿವೃತ್ತರಾಗಿ ಆರು ವರ್ಷವಾಗಿತ್ತು. ಊರು ಅವರನ್ನು ಇನ್ನೂ ಇನ್‌ಸ್ಪೆಕ್ಟರು ಎಂದೇ ಕರೆಯುತ್ತಿತ್ತು. ನಿವೃತ್ತಿಯನ್ನು ಮನಸಾರೆ ಒಪ್ಪಿಕೊಂಡಿದ್ದು ಅವರ ಮಂಡಿಗಳು ಮಾತ್ರ. ಕುರ್ಚಿ ಸಿಕ್ಕಿದರೆ ಸಾಕು, ಏಳುವುದೇ ಬೇಡ ಅನಿಸುತ್ತಿತ್ತು.

ಆದರೆ ಟೀಚರ್ ಬಿಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಊರಿನ ಹೊಸ ನೀರಿನ ಟ್ಯಾಂಕು ಕುಸಿದು ಇಪ್ಪತ್ತಾರು ಜನ ಸತ್ತರು, 'ತುಂಬಿಸಬಹುದು' ಎಂಬ ಕಾಗದಕ್ಕೆ ಸಹಿ ಹಾಕಿದರೆಂದು ಆಕೆಯ ಅಪ್ಪ, ಎಂಜಿನಿಯರು, ಒಂಬತ್ತು ವರ್ಷ ಕಂಬಿ ಎಣಿಸಿ ಬಂದರು. ಈಗ ಅವರು ಹಾಸಿಗೆ ಹಿಡಿದಿದ್ದರು, ಹೆಚ್ಚೆಂದರೆ ಒಂದು ವಾರ ಎಂದು ಡಾಕ್ಟರು ಹೇಳಿ ನಾಲ್ಕು ದಿನ ಕಳೆದಿತ್ತು. ಆ ಸಹಿ ಅಪ್ಪನದಲ್ಲ ಎಂದು ರುಜುವಾತು ಮಾಡಿ, ಅವರಿಗೆ ಕಿವಿ ಕೇಳಿಸುವಾಗಲೇ ಆ ಮಾತು ಹೇಳಬೇಕು. ಮಗಳು ಬೇಡಿದ್ದು ಅಷ್ಟೇ.

ಮೂರು ದಿನದ ಹಿಂದೆ ಇನ್‌ಸ್ಪೆಕ್ಟರು ಆ ಮನೆಗೆ ಹೋಗಿದ್ದರು. ಬಾಗಿಲ ಮೇಲಿನ ಹೆಸರಿನ ಫಲಕವನ್ನು ಯಾರೋ ಮೊಳೆಯಿಂದ ಗೀಚಿದ್ದರು. "ಎರಡು ತಿಂಗಳಿಗೊಂದು ಸಲ ನಾನೇ ಬಣ್ಣ ಹಚ್ತೀನಿ ಸರ್," ಎಂದಿದ್ದಳು ಟೀಚರ್, ನಲ್ಲಿ ರಿಪೇರಿ ಬಗ್ಗೆ ಹೇಳುವ ಧಾಟಿಯಲ್ಲಿ. "ಮದುವೆ ಆದಾಗ್ಲೂ ಹೆಸರು ಬಿಡ್ಲಿಲ್ಲ. ನಾನೂ ಬಿಟ್ರೆ ಅಪ್ಪ ಒಬ್ರೇ ಆಗ್ತಾರೆ."

ಒಳಗೆ ಎಂಜಿನಿಯರು ದಿಂಬಿಗೆ ಒರಗಿದ್ದರು. ಮಾತು ಬಿದ್ದುಹೋಗಿತ್ತು. ಮಗಳು ಕೊಟ್ಟ ಪ್ಯಾಡಿನ ಮೇಲೆ ನಡುಗುವ ಕೈಯಲ್ಲಿ ಸ್ಕೇಲು ಇಟ್ಟು, ಮೊದಲು ಪೆನ್ಸಿಲಿನಲ್ಲಿ ತೆಳ್ಳನೆಯ ಗೆರೆ ಎಳೆದರು. ಆಮೇಲೆ ಆ ಗೆರೆಯ ಮೇಲೆ ಪೆನ್ನಿನಲ್ಲಿ ಅಕ್ಷರ ಕೂರಿಸಿದರು. 'ಸಹಿ ನನ್ನದಲ್ಲ.' ಅಷ್ಟು ಬರೆಯಲು ಕಾಲು ಗಂಟೆ ಹಿಡಿಯಿತು.

ಸಾಯುವ ಕಾಲಕ್ಕೂ ಗೆರೆ ಎಳೆಯದೆ ಬರೆಯದ ಮನುಷ್ಯ ಸುಳ್ಳು ಹೇಳಲಿಕ್ಕಿಲ್ಲ ಎಂದು ಇನ್‌ಸ್ಪೆಕ್ಟರಿಗೆ ಅನಿಸಿತ್ತು. ಅವರು ಆ ಊರಿನಲ್ಲೇ ಸಬ್‌ಇನ್‌ಸ್ಪೆಕ್ಟರಾಗಿದ್ದಾಗ ಟ್ಯಾಂಕು ಬಿದ್ದದ್ದು. ಸ್ಟ್ರೆಚರು ಸಾಲದೆ ಮನೆಗಳ ಬಾಗಿಲು ಕಳಚಿ ಅದರ ಮೇಲೆ ಹೆಣ ಹೊತ್ತಿದ್ದರು. ಆ ಎಂಜಿನಿಯರಿಗೆ ಕೋಳ ತೊಡಿಸಿದ್ದೂ ಅವರೇ. ಅಂದು ತೊಡಿಸಿದ್ದು ತಪ್ಪು ಕೈಗಾದರೆ ಎಂಬ ಯೋಚನೆ ಬಂದಾಗಿನಿಂದ ಅವರಿಗೆ ಊಟ ಸೇರುತ್ತಿರಲಿಲ್ಲ.

ತೊಡಕಾಗಿದ್ದು ಸಾಕ್ಷಿಗಳನ್ನು ಹುಡುಕುವುದು. ಟ್ಯಾಂಕಿನ ಕೆಲಸದಲ್ಲಿದ್ದವರಲ್ಲಿ ಅರ್ಧ ಜನ ಎಂಜಿನಿಯರ ಕಡೆಯವರು, ಅದೇ ಮನೆತನದ ಹೆಸರಿನವರು. ಟ್ಯಾಂಕು ಬಿದ್ದ ಮೇಲೆ ಆ ಹೆಸರು ಕೇಳಿದರೆ ಜನ ಉಗುಳುತ್ತಿದ್ದರು. ಅಂಗಡಿಯಲ್ಲಿ ಸಾಮಾನು ಕೊಡುತ್ತಿರಲಿಲ್ಲ, ಶಾಲೆಯಲ್ಲಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿರಲಿಲ್ಲ. ಟ್ಯಾಂಕಿಗೂ ತಮಗೂ ಯಾವ ಸಂಬಂಧವೂ ಇಲ್ಲದವರು ಕೂಡ ಸಾಲುಗಟ್ಟಿ ನಿಂತು ಹೆಸರು ಬದಲಾಯಿಸಿಕೊಂಡರು. ಯಾರು ಯಾವ ಹೆಸರಿಗೆ ಹೋದರು ಎಂದು ತಿಳಿಯಬೇಕಾದರೆ ಈ ಕಚೇರಿಯ ಹೆಸರು ಬದಲಾವಣೆ ರಿಜಿಸ್ಟರೇ ಗತಿ.

"ಹೆಸರು ಸಾಯೋದು ಹೀಗಲ್ಲ ಸರ್," ಎಂದರು ಮೇಡಂ. ಇನ್ನು ಐದು ತಿಂಗಳಿಗೆ ಅವರೂ ನಿವೃತ್ತರಾಗುವವರು. ಅಷ್ಟರೊಳಗೆ ತಲೆಯಲ್ಲಿದ್ದುದನ್ನೆಲ್ಲ ಯಾರಿಗಾದರೂ ದಾಟಿಸಿಬಿಡುವ ಅವಸರ ಅವರಿಗೆ. "ನಿಧಾನಕ್ಕೆ ಸಾಯತ್ತೆ. ಒಂದು ಮನೇಲಿ ಬರೀ ಹೆಣ್ಮಕ್ಕಳು. ಇನ್ನೊಂದು ಮನೇಲಿ ಮಗ ಮದುವೇನೇ ಆಗಲ್ಲ. ಮತ್ತೊಬ್ಬ ಪರದೇಶಕ್ಕೆ ಹೋಗಿ ಅಲ್ಲಿಯೋರ ನಾಲಿಗೆಗೆ ತಕ್ಕ ಹಾಗೆ ಕತ್ತರಿಸಿಕೊಳ್ತಾನೆ. ನಾಲ್ಕು ತಲೆಮಾರಾದ್ರೂ ಬೇಕು. ಇದು ನಾಲ್ಕೇ ವರ್ಷ! ನಾನು ಆಗ ಹೊಸಬಳು. ದಿನಕ್ಕೆ ಐದು ಅರ್ಜಿ. ಬೆರಳು ಬಾತುಹೋಗಿತ್ತು."

"ಹೋದೋರೆಲ್ಲ ಎಲ್ಲಿಗೆ ಹೋದ್ರು?"

"ಇನ್ನೆಲ್ಲಿಗೆ? ಊರಿಗೆಲ್ಲ ಇರೋ ಹೆಸರಿಗೆ. ಗುಂಪಲ್ಲಿ ಗೋವಿಂದ ಆಗ್ಬೇಕಲ್ಲ. ಪೋಸ್ಟ್‌ಮ್ಯಾನ್ ಬಂದು ಜಗಳ ಆಡಿದ್ದ. ಒಂದೇ ಬೀದೀಲಿ ಒಂಬತ್ತು ಮನೆಗೆ ಒಂದೇ ಹೆಸರು ಕೊಟ್ಟಿದ್ದೀರಿ, ಕಾಗದ ಯಾರ ತಲೆಗೆ ಕಟ್ಟಲಿ ಅಂತ."

ಇನ್‌ಸ್ಪೆಕ್ಟರಿಗೆ ನಗು ಬಂತು. ಬಹಳ ದಿನದ ಮೇಲೆ ಬಂದ ನಗುವಾದ್ದರಿಂದ ಅರ್ಧದಲ್ಲೇ ನಿಂತಿತು.

ಮೇಡಂ ಆ ವರ್ಷದ ರಿಜಿಸ್ಟರನ್ನು ಎಳೆದುಕೊಂಡು ಬೆರಳು ಓಡಿಸಿದರು. "ಟ್ಯಾಂಕ್ ಬಿದ್ದಿದ್ದು ಏಪ್ರಿಲ್ ಒಂಬತ್ತಕ್ಕೆ. ಮೊದಲನೇ ಆದೇಶ ಏಪ್ರಿಲ್ ಇಪ್ಪತ್ತು. ಎರಡನೇದು ಮೇ ಹದಿನಾಲ್ಕು. ಅಲ್ಲಿಂದ ಜಾತ್ರೆ."

"ಮೊದಲನೇದು ಯಾರ್ದು?"

"ಎಂಜಿನಿಯರ ತಮ್ಮನದು."

ತಮ್ಮನನ್ನು ಇನ್‌ಸ್ಪೆಕ್ಟರಿಗೆ ಗೊತ್ತಿತ್ತು. ಆಗ ಟ್ಯಾಂಕಿನ ಕೆಲಸದಲ್ಲಿ ಸ್ಟೋರ್‌ಕೀಪರ್ ಆಗಿದ್ದವನು. ಅಣ್ಣ ಜೈಲಿನಲ್ಲಿದ್ದಾಗ ಅಣ್ಣನ ಮಗಳನ್ನು ಸಾಕಿ, ಓದಿಸಿ, ಟೀಚರ್ ಮಾಡಿದವನು. ಚಿಕ್ಕಪ್ಪ ಎಂದರೆ ಆಕೆಗೆ ಪ್ರಾಣ. ಅಂಥವನೇ ಎಲ್ಲರಿಗಿಂತ ಮೊದಲು ಹೆಸರು ಬಿಟ್ಟನೆ? ನಾಚಿಕೆ ಸ್ವಲ್ಪ ಬೇಗ ಆಗಿರಬೇಕು ಎಂದುಕೊಂಡು ಇನ್‌ಸ್ಪೆಕ್ಟರು ನೀರಿನ ಬಾಟಲಿಗೆ ಕೈ ಹಾಕಿದರು.

ಕೈ ಅಲ್ಲೇ ನಿಂತಿತು.

"ಮೇಡಂ, ಎರಡನೇ ಆದೇಶಕ್ಕೆ ಮೇ ಹದಿನಾಲ್ಕರ ತನಕ ಯಾಕೆ ಹಿಡೀತು? ಟ್ಯಾಂಕ್ ಬಿದ್ದ ಮಾರನೇ ದಿನದಿಂದಾನೇ ಜನ ಬಂದಿರಬೇಕಲ್ಲ?"

"ಬಂದ್ರೇನು? ಬಂದ ದಿನವೇ ಕೊಡೋಕೆ ಇದೇನು ಬಸ್ ಟಿಕೆಟ್ಟಾ? ಮೊದಲು ಪೇಪರ್‌ನಲ್ಲಿ ಪ್ರಕಟಣೆ ಕೊಡ್ಬೇಕು. ಅದಾಗಿ ಮೂವತ್ತು ದಿನ ಕಾಯ್ಬೇಕು, ಯಾರಾದ್ರೂ ತಕರಾರು ತೆಗೀತಾರಾ ಅಂತ. ಆಮೇಲೇ ಆದೇಶ. ಮೂವತ್ತು ಅಂದ್ರೆ ಮೂವತ್ತು. ನಮ್ಮ ಸಾಹೇಬ್ರು ಸ್ವಂತ ಅಳಿಯನಿಗೂ ಒಂದು ದಿನ ಬಿಟ್ಟಿರ್ಲಿಲ್ಲ."

"ಹಾಗಾದ್ರೆ ಏಪ್ರಿಲ್ ಇಪ್ಪತ್ತಕ್ಕೆ ಆದೇಶ ಆಗಬೇಕಾದ್ರೆ..."

ಮೇಡಂ ಬೆರಳು ಮಡಿಚಿ ಎಣಿಸಿದರು. ಆಮೇಲೆ ಎದ್ದುಹೋಗಿ ಆ ಮೊದಲನೇ ಆದೇಶದ ಫೈಲು ತಂದರು. ಇಪ್ಪತ್ತೆರಡು ವರ್ಷದಲ್ಲಿ ಆ ದಾರವನ್ನು ಯಾರೂ ಬಿಚ್ಚಿರಲಿಲ್ಲ.

ಒಳಗೆ ಮೂರು ಕಾಗದ. ಒಂದು ಅರ್ಜಿ. ಒಂದು, ಪೇಪರಿಗೆ ಕೊಟ್ಟ ಪ್ರಕಟಣೆಯ ಕೈಬರಹದ ಪ್ರತಿ. ಅಚ್ಚುಕಟ್ಟಾದ ಅಕ್ಷರ, ಸಾಲುಗಳ ಕೆಳಗೆ ಪೆನ್ಸಿಲಿನ ಸೀಸ ಮಾಸಿ ಉಳಿದಿತ್ತು. ಇನ್ನೊಂದು, ಪೇಪರಿನಿಂದ ಕತ್ತರಿಸಿದ ಪ್ರಕಟಣೆ. ಅದರ ಮೇಲೆ ತಾರೀಖು ಇರಲಿಲ್ಲ. ಕತ್ತರಿಸಿದವರು ಚೌಕದ ಅಂಚಿಗೇ ಕತ್ತರಿ ಆಡಿಸಿದ್ದರು.

ಇನ್‌ಸ್ಪೆಕ್ಟರು ಆ ತುಂಡನ್ನು ತಿರುಗಿಸಿದರು. ಹಿಂಬದಿಯಲ್ಲಿ ಅರ್ಧಂಬರ್ಧ ಉಳಿದಿದ್ದ ಸುದ್ದಿಯ ಮೊದಲ ಎರಡು ಸಾಲು ಸ್ಪಷ್ಟವಾಗಿತ್ತು: 'ನಾಳೆಯಿಂದ ಹೊಸ ಟ್ಯಾಂಕಿನ ನೀರು. ಮೊದಲ ಹಂತದಲ್ಲಿ ಅರ್ಧ ಭರ್ತಿ.'

ಆ ಪೇಪರು ಅಚ್ಚಾದ ದಿನ ಟ್ಯಾಂಕು ಗಟ್ಟಿಯಾಗಿ ನಿಂತಿತ್ತು. ಕೆಳಗಿನ ಸಾಲುಮನೆಗಳಲ್ಲಿ ಇಪ್ಪತ್ತಾರು ಜನವೂ ಬದುಕಿದ್ದರು. ಆ ಮನೆತನದ ಹೆಸರಿಗೆ ಒಂದು ಕಲೆ ಕೂಡ ಇರಲಿಲ್ಲ. ಆಗಲೇ ಒಬ್ಬ ಮನುಷ್ಯ ಅದನ್ನು ಬಿಡಲು ಹೊರಟಿದ್ದ.

ಮಿಕ್ಕ ನೂರ ನಲವತ್ತೊಂದು ಮನೆಯವರು ಹೆಸರು ಬಿಟ್ಟಿದ್ದು ಆದದ್ದಕ್ಕೆ ಹೆದರಿ. ಇವನೊಬ್ಬ ಆಗಲಿರುವುದಕ್ಕೆ ಹೆದರಿ ಬಿಟ್ಟಿದ್ದ. ಆ ಗುಂಪಿನಲ್ಲಿ ಅವನನ್ನು ಯಾರು ಗುರುತಿಸಬೇಕು?

ಇನ್‌ಸ್ಪೆಕ್ಟರು ಮೂರು ಕಾಗದಗಳ ಫೋಟೋವನ್ನೂ ಫೋನಿನಲ್ಲಿ ತೆಗೆದುಕೊಂಡರು. ಹೊರಗೆ ಮೆಟ್ಟಿಲಿಳಿಯುವಾಗ ಮಂಡಿ ನೋವು ಎನ್ನಲೂ ಮರೆತಿದ್ದರು. ಸಂತೋಷ ಪಡಬೇಕಾದ ಗಳಿಗೆ ಅದು. ಆದರೆ ಅವರಿಗೆ ಬರೀ ಸುಸ್ತಾಗಿತ್ತು. ಅಪ್ಪನನ್ನು ಉಳಿಸಲು ಚಿಕ್ಕಪ್ಪನನ್ನು ಕಳೆದುಕೋ ಎಂದು ಆ ಹೆಣ್ಣುಮಗಳಿಗೆ ಯಾವ ಬಾಯಲ್ಲಿ ಹೇಳುವುದು?

ತಮ್ಮನದು ಫೋಟೋಗೆ ಕಟ್ಟು ಹಾಕುವ ಅಂಗಡಿ. ಅದೇ ಒಂಬತ್ತು ಮನೆಯ ಬೀದಿ. ಬೋರ್ಡಿನ ಮೇಲೆ ಊರಿಗೆಲ್ಲ ಇರುವ ಆ ಹೆಸರು. ಎಡಕ್ಕೂ ಬಲಕ್ಕೂ ಇದ್ದ ಅಂಗಡಿಗಳಲ್ಲೂ ಅದೇ. ಒಳಗೆ ಗೋಡೆಗೊರಗಿ ಮದುಮಕ್ಕಳು, ಬಹುಮಾನ ಹಿಡಿದ ಮಕ್ಕಳು, ತೀರಿಹೋದ ಹಿರಿಯರು, ಎಲ್ಲರೂ ಗಾಜಿಗಾಗಿ ಕಾಯುತ್ತಿದ್ದರು.

ಸಣಕಲು ಮನುಷ್ಯ, ಅರವತ್ತರ ಆಸುಪಾಸು. ಬೆರಳುಗಳ ತುಂಬ ಸಣ್ಣಸಣ್ಣ ಬ್ಯಾಂಡೇಜು. ದೊಡ್ಡ ಗಾಜನ್ನು ಮೇಜಿನ ಮೇಲೆ ಹಾಸಿಕೊಂಡು ಕಣ್ಣಳತೆಯಲ್ಲೇ ಕಟರ್ ಎಳೆದ. ಕಿರ್ರೆಂದಿತು. ಕೆಳಗಿನಿಂದ ಎರಡು ಬಾರಿ ತಟ್ಟಿದ, ಗಾಜು ನೇರವಾಗಿ ಸೀಳಿಕೊಂಡಿತು.

"ಬನ್ನಿ ಇನ್‌ಸ್ಪೆಕ್ಟ್ರೇ. ನೀವು ಓಡಾಡ್ತಿದ್ದೀರಿ ಅಂತ ಮಗಳು ಹೇಳಿದ್ಲು. ಕೂತ್ಕೊಳ್ಳಿ."

"ನಿಂತೇ ಇರ್ತೀನಿ."

ಕೂತರೆ ಏಳುವಾಗ ಮೇಜು ಹಿಡಿಯಬೇಕಾಗುತ್ತದೆ. ಆರೋಪ ಹೊರಿಸಲು ಬಂದವನಿಗೆ ಅದು ಶೋಭೆಯಲ್ಲ.

"ಊರಲ್ಲಿ ಆ ಹೆಸರನ್ನ ಮೊದಲು ಬಿಟ್ಟೋನು ನೀವು."

"ಹೌದು." ಗಾಜಿನ ಅಂಚನ್ನು ಉಜ್ಜುತ್ತಿದ್ದ ತಮ್ಮ ತಲೆ ಎತ್ತಲಿಲ್ಲ. "ಹನ್ನೊಂದೇ ದಿನಕ್ಕೆ ಅಣ್ಣನ ಹೆಸರು ಕಳಚಿ ಎಸೆದ ಅಂತ ನೆಂಟರೆಲ್ಲ ಮುಖಕ್ಕೆ ಉಗಿದ್ರು. ಆಮೇಲೆ ಒಬ್ಬೊಬ್ಬರಾಗಿ ಬಂದು ಫಾರ್ಮ್ ಎಲ್ಲಿ ಸಿಗತ್ತೆ ಅಂತ ನನ್ನನ್ನೇ ಕೇಳಿದ್ರು. ಏನ್ಮಾಡೋದು, ನಾಚಿಕೆ ಆಯ್ತು."

"ನಾಚಿಕೆ ಇನ್ನೂ ಹುಟ್ಟಿರ್ಲಿಲ್ಲ. ಟ್ಯಾಂಕ್ ಇನ್ನೂ ನಿಂತಿತ್ತು."

ಉಜ್ಜುತ್ತಿದ್ದ ಕೈ ನಿಂತಿತು.

ಇನ್‌ಸ್ಪೆಕ್ಟರು ಫೋನನ್ನು ಗಾಜಿನ ಮೇಲಿಟ್ಟು ಒಂದೊಂದೇ ಫೋಟೋ ಸರಿಸಿದರು. ಮೂವತ್ತು ದಿನದ ನಿಯಮ ಹೇಳಿದರು. ತುಂಡಿನ ಹಿಂಬದಿ ತೋರಿಸಿದರು. ದನಿ ಏರಿಸಲಿಲ್ಲ, ಏರಿಸುವ ಶಕ್ತಿಯೂ ಇರಲಿಲ್ಲ.

"ಮಾರ್ಚ್ ಇಪ್ಪತ್ತೊಂದಕ್ಕೋ, ಅದಕ್ಕೂ ಮುಂಚೆಯೋ ಈ ಪ್ರಕಟಣೆ ಬಂದಿದೆ. ಟ್ಯಾಂಕ್ ಬೀಳೋಕೆ ಹತ್ತೊಂಬತ್ತು ದಿನ ಮುಂಚೆ. ಅದು ಬೀಳತ್ತೆ ಅಂತ ನಿಮಗೆ ಗೊತ್ತಿತ್ತು. ಸ್ಟೋರ್ ನಿಮ್ಮ ಕೈಲಿತ್ತು, ಸಿಮೆಂಟಲ್ಲಿ ಏನು ಬೆರೆತಿತ್ತು ಅಂತ ನಿಮಗಿಂತ ಚೆನ್ನಾಗಿ ಬಲ್ಲೋರು ಯಾರು? ಕಾಗದಕ್ಕೆ ಅಣ್ಣನ ಸಹಿ ನೀವೇ ಹಾಕಿದ್ರಿ. ಹಾಕಿ, ನೀವು ಮಾತ್ರ ಹೆಸರಿನಿಂದ ಈಚೆ ಬಂದುಬಿಟ್ರಿ. ಅವರು ಒಂಬತ್ತು ವರ್ಷ ಒಳಗಿದ್ರು. ಅವರ ಮಗಳನ್ನ ಸಾಕಿ ಪಾಪ ತೊಳ್ಕೊಂಡ್ರಿ. ಹೌದೋ ಅಲ್ವೋ?"

ಬೀದಿಯಲ್ಲಿ ಯಾರೋ ಯಾರನ್ನೋ ಆ ಸಾಮಾನ್ಯ ಹೆಸರಿನಿಂದ ಕೂಗಿದರು. ಮೂರು ಅಂಗಡಿಗಳಿಂದ ಮೂವರು "ಏನು?" ಎಂದರು. ತಮ್ಮ ಮಾತ್ರ ಓಗೊಡಲಿಲ್ಲ. ಇಪ್ಪತ್ತೆರಡು ವರ್ಷವಾದರೂ ಆ ಹೆಸರು ಅವನ ಕಿವಿಗೆ ಹತ್ತಿರಲಿಲ್ಲ.

"ತಾರೀಖು ನೋಡಿದ್ರಿ," ಎಂದ ಕೊನೆಗೆ. "ಚೆನ್ನಾಗಿ ನೋಡಿದ್ರಿ. ಇಷ್ಟು ವರ್ಷದಲ್ಲಿ ಒಬ್ಬರೂ ನೋಡಿರ್ಲಿಲ್ಲ. ಅಕ್ಷರ ನೋಡಿದ್ರಾ?"

"ಯಾವ ಅಕ್ಷರ?"

ತಮ್ಮ ಗಲ್ಲಾಪೆಟ್ಟಿಗೆಯ ಮೇಲಿದ್ದ ರಸೀತಿ ಪುಸ್ತಕವನ್ನು ಅವರ ಮುಂದೆ ತಿರುಗಿಸಿಟ್ಟ. ಅವನ ಕೈಬರಹ ಕಾಗದದ ಮೇಲೆ ಇರುವೆ ಸಾಲು ಚದುರಿದಂತಿತ್ತು. ಒಂದಕ್ಷರ ಮೇಲೆ, ಒಂದಕ್ಷರ ಕೆಳಗೆ. "ಇದು ನಾನು ಬರೆಯೋದು. ಮೇಷ್ಟ್ರು ಎಷ್ಟು ಬಡಿದ್ರೂ ನೆಟ್ಟಗಾಗ್ಲಿಲ್ಲ. ಈಗ ಆ ಪ್ರಕಟಣೆ ಬರೆದಿರೋದನ್ನ ನೋಡಿ. ದೊಡ್ಡದು ಮಾಡ್ಕೊಂಡು ನೋಡಿ."

ಇನ್‌ಸ್ಪೆಕ್ಟರು ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿದರು. ನೀಟಾದ, ಮಟ್ಟಸವಾದ ಅಕ್ಷರ. ಪ್ರತಿ ಸಾಲಿನ ಕೆಳಗೂ ಸ್ಕೇಲಿಟ್ಟು ಎಳೆದ ತೆಳ್ಳನೆಯ ಪೆನ್ಸಿಲ್ ಗೆರೆ.

ಅವರಿಗೆ ಕುರ್ಚಿ ಬೇಕಾಯಿತು. ಕೂತರು.

ಬೆಳಿಗ್ಗೆ ಫೈಲಿನಲ್ಲಿ ಆ ಗೆರೆಯನ್ನು ಕಣ್ಣಾರೆ ಕಂಡಿದ್ದರು. ಮೂರು ದಿನದ ಹಿಂದೆ ಅದನ್ನು ಎಳೆಯುವ ಕೈಯನ್ನೂ ಕಂಡಿದ್ದರು. ತಾರೀಖು ಸಿಕ್ಕ ಉಮೇದಿನಲ್ಲಿ ಎರಡನ್ನೂ ಜೋಡಿಸಿರಲಿಲ್ಲ. ಸರ್ವಿಸಿನಲ್ಲಿದ್ದಾಗ ಹೊಸಬನೊಬ್ಬ ಇಂಥ ಎಡವಟ್ಟು ಮಾಡಿದ್ದರೆ ಎಲ್ಲರೆದುರು ನೀರಿಳಿಸುತ್ತಿದ್ದರು.

"ಅಣ್ಣ ಬರೆದಿದ್ದು," ಎಂದ ತಮ್ಮ. "ಅರ್ಜೀನೂ ಅವನೇ ತುಂಬಿದ. ಒಂದು ಸಂಜೆ ನಮ್ಮ ಮನೆಗೆ ಬಂದ. ಬಂದೋನು ಚಪ್ಪಲೀನೂ ಬಿಡ್ಲಿಲ್ಲ. 'ಇದಕ್ಕೊಂದು ಸಹಿ ಹಾಕೋ, ಯಾಕೆ ಅಂತ ಕೇಳ್ಬೇಡ' ಅಂದ. ಹೆಸರು ಯಾಕೆ ಬಿಡ್ಲಿ ಅಂತ ಕೇಳೇ ಕೇಳ್ದೆ. ಆಗ ಅಂದ, 'ಈ ಹೆಸರು ಇನ್ನು ಉಳಿಯಲ್ಲ ಕಣೋ. ನೀನಾದ್ರೂ ಈಚೆ ನಿಂತ್ಕೋ. ನನ್ನ ಮಗೂಗೆ ಒಬ್ಬರು ಬೇಕಾಗ್ತಾರೆ.'"

"ಅಂದ್ರೆ ಅವರಿಗೆ..."

"ಗೊತ್ತಿತ್ತು." ತಮ್ಮ ಫೋನನ್ನು ಅವರ ಕಡೆ ತಳ್ಳಿದ. "ಹತ್ತೊಂಬತ್ತು ದಿನ ಗೊತ್ತಿತ್ತು. ಕಾಗದದ ಮೇಲಿನ ಸಹಿ ಅವನದೋ, ಬೇರೆಯವರದೋ, ದೇವರಾಣೆ ನನಗೆ ಗೊತ್ತಿಲ್ಲ. ಅವನದಲ್ಲ ಅಂದ್ರೆ ಅಲ್ಲ. ಅಣ್ಣ ನನ್ನ ಹತ್ರ ಯಾವತ್ತೂ ಸುಳ್ಳು ಹೇಳಿಲ್ಲ. ಆದ್ರೆ ಬೀಳತ್ತೆ ಅಂತ ಗೊತ್ತಿದ್ದೋನು ಆ ಸಾಲುಮನೆಯೋರಿಗೆ ಯಾಕೆ ಹೇಳ್ಲಿಲ್ಲ? ನನಗೆ ಹೇಳೋಕೆ ಪುರುಸೊತ್ತಿತ್ತು, ಅವರಿಗೆ ಇರ್ಲಿಲ್ವಾ? ಇದೊಂದನ್ನ ಇಪ್ಪತ್ತೆರಡು ವರ್ಷದಿಂದ ನಾನು ಅವನನ್ನ ಕೇಳಿಲ್ಲ ಇನ್‌ಸ್ಪೆಕ್ಟ್ರೇ. ಕೇಳಿದ್ರೆ ಹೇಳಿಬಿಡ್ತಾನೇನೋ ಅಂತ ಭಯ."

"ನ್ಯಾಯಾಲಯದಲ್ಲಿ ಇದನ್ನ ಹೇಳ್ಬಹುದಿತ್ತು."

"ಹೇಳಿದ್ರೆ ಗಲ್ಲು ಆಗ್ತಿತ್ತೇನೋ. ಮಗೂಗೆ ಏನಂತ ಹೇಳ್ಲಿ? ಅವಳು ಆ ಹೆಸರನ್ನ ಎದೆಗವಚಿಕೊಂಡು ಬೆಳೆದ್ಲು. ಶಾಲೇಲಿ ಹೊಡೆತ ತಿಂದು ಬರ್ತಿದ್ಲು. ಬದಲಾಯ್ಸೋಣ ಕಣಮ್ಮ ಅಂದ್ರೆ, 'ನಮ್ಮಪ್ಪ ತಪ್ಪು ಮಾಡಿಲ್ಲ ಚಿಕ್ಕಪ್ಪ' ಅನ್ನೋಳು. ನಾನು ತಲೆ ತಗ್ಗಿಸ್ಕೊಂಡು ಅವಳ ಗಾಯಕ್ಕೆ ಮುಲಾಮು ಹಚ್ತಿದ್ದೆ. ಅಷ್ಟೇ ನನ್ನ ಕೈಲಾಗಿದ್ದು."

ಅವನು ಕಣ್ಣೊರೆಸಿಕೊಳ್ಳಲು ಕೈ ಎತ್ತಿದ. ಗಾಜಿನ ಪುಡಿ ಇದೆಯೆಂದು ನೆನಪಾಗಿ ಇಳಿಸಿದ. ಇನ್‌ಸ್ಪೆಕ್ಟರು ತಮ್ಮ ಕರವಸ್ತ್ರ ಕೊಟ್ಟರು. ಆರೋಪ ಹೊರಿಸಲು ಬಂದಿದ್ದವರು ಈಗ ಗೋಡೆಗೊರಗಿದ ಮುಖಗಳನ್ನು ನೋಡುತ್ತ ಕೂತರು.

ಮೂರು ದಿನದಲ್ಲಿ ಅಪ್ಪನ ಹೆಸರು ತೊಳೆದುಕೊಡುತ್ತೇನೆ ಎಂದು ಆ ಮಗಳಿಗೆ ಮಾತು ಕೊಟ್ಟಿದ್ದರು. ಕೈಯಲ್ಲಿ ಸಿಕ್ಕ ಒಂದೇ ಒಂದು ಗಟ್ಟಿ ಪುರಾವೆ ಆ ಹೆಸರಿಗೆ ಇನ್ನಷ್ಟು ಮಸಿ ಬಳಿಯುತ್ತಿತ್ತು. ಸುಮ್ಮನಿದ್ದುಬಿಟ್ಟರೆ? ಮುದುಕರು ಹೋಗುತ್ತಾರೆ. ಹೆಸರು ಒಂದಕ್ಕೆ ಬಂದಿದೆ, ಆಕೆಯೊಂದಿಗೆ ಅದೂ ಮುಗಿಯುತ್ತದೆ. ಫೈಲಿಗೆ ಮತ್ತೆ ದಾರ ಕಟ್ಟಿದರಾಯಿತು. ಇಪ್ಪತ್ತಾರು ಜನರನ್ನು ಬಾಗಿಲ ಮೇಲೆ ಹೊತ್ತ ಭುಜ ಮಾತ್ರ ಅದಕ್ಕೆ ಒಪ್ಪುತ್ತಿರಲಿಲ್ಲ.

ಗಾಜಿನ ಮೇಲಿದ್ದ ಫೋನು ಗುರುಗುಟ್ಟಿತು. ಟೀಚರ್.

ಪರದೆಯ ಮೇಲೆ ತಮ್ಮನ ಕಣ್ಣು ಬಿತ್ತು. ಆ ಮನೆತನದ ಹೆಸರು ಅಲ್ಲಿ ಪೂರ್ತಿಯಾಗಿ ಹೊಳೆಯುತ್ತಿತ್ತು. ಅವನು ಏನೂ ಬೇಡಿಕೊಳ್ಳಲಿಲ್ಲ, ಮುಖ ತಿರುಗಿಸಿಕೊಂಡ.

"ಸರ್," ಆಕೆಯ ದನಿಯಲ್ಲಿ ಏದುಸಿರು. "ಅಪ್ಪ ಬರೆದ್ರು ಸರ್! ಮೂರು ದಿನ ಪೆನ್ಸಿಲ್ ಮುಟ್ಟಿರ್ಲಿಲ್ಲ, ಈಗ ತಾವೇ ಸನ್ನೆ ಮಾಡಿ ಪ್ಯಾಡ್ ಕೇಳಿದ್ರು. ನೀವು ಹೆಸರು ಬದಲಾಯ್ಸೋ ಕಚೇರಿಗೆ ಹೋಗಿದ್ದೀರಿ ಅಂತ ಬೆಳಿಗ್ಗೆ ನಾನೇ ಹೇಳಿದ್ದೆ. ಅವಾಗಿಂದ ಒಂಥರಾ ಚಡಪಡಿಸ್ತಿದ್ರು."

"ಏನು ಬರೆದ್ರಮ್ಮ?"

"ಒಂದೇ ಸಾಲು. 'ನನ್ನ ತಮ್ಮನನ್ನು ಏನೂ ಕೇಳಬೇಡಿ' ಅಂತ." ಆಕೆ ತಡೆದಳು. "ಚಿಕ್ಕಪ್ಪನ್ನ ಯಾಕೆ ಸರ್ ಕೇಳ್ಬಾರ್ದು? ಚಿಕ್ಕಪ್ಪನಿಗೇನು ಸಂಬಂಧ? ನೀವೆಲ್ಲಿದ್ದೀರಿ?"

ಇನ್‌ಸ್ಪೆಕ್ಟರು ಎದುರಿಗಿದ್ದ ಬೆನ್ನನ್ನು ನೋಡಿದರು. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು.

"ಸರ್, ಇನ್ನೊಂದು. ಆ ಸಾಲಿನ ಕೆಳಗೆ ಅಪ್ಪ ಇನ್ನೂ ಒಂದು ಗೆರೆ ಎಳೆದಿದ್ದಾರೆ. ಅದರ ಮೇಲೆ ಏನೂ ಬರೆದಿಲ್ಲ. ಬರೀರಿ ಅಪ್ಪ ಅಂದ್ರೆ ತಲೆ ಆಡಿಸ್ತಾರೆ, ಬಾಗಿಲ ಕಡೆ ತೋರಿಸ್ತಾರೆ. ನೀವು ಬಂದ್ಮೇಲೇ ಬರೀತಾರಂತೆ. ಪೆನ್ನು ಹಿಡ್ಕೊಂಡೇ ಕೂತಿದ್ದಾರೆ ಸರ್. ಕೈ ಸೋಲ್ತಿದೆ. ಬೇಗ ಬನ್ನಿ."